ಮೂರನೇ ರೀಲು

ಅರಸೀಕೆರೆ ಜಂಕ್ಷನ್ನಿನಲ್ಲಿ ತಪ್ಪಿ ಇಳಿದ ಡಬ್ಬ.
ಕುಸ್ತಿ ಪಿಕ್ಚರೆಂದು ಗೋಡೆಗೆಲ್ಲ ಅಂಟಿಸಿದ್ದೆವು;
ಇನಾಯತ್ ಸಾಬರು ಮೆಷಿನ್ನಿಗೇರಿಸಿದರೆ
ಯಾವುದೋ ಸೀಮೆಯ ಹೆಂಗಸು, ಹಸಿರು ಕೈಗವಸು,
ಬಾಗಿಲು ತೆಗೆದರೆ ಬಾಗಿಲು,
ಅದರಾಚೆ ನೇರಳೆ ಬೆಳಕಲ್ಲಿ ಅವಳದೇ ಬೆನ್ನು.

ಭಾಷೆ ತಿಳಿಯದು. ಕಿರುಚಿದ್ದು ತಿಳಿಯಿತು.

ಕೊಬ್ಬರಿ ಮಂಡಿಯವರು ಆರಿದ ಬೀಡಿಯನ್ನೇ ಎಳೆಯುತ್ತ ಕೂತರು.
ರೀಲು ತಲೆಕೆಳಗೋ, ಕಥೆಯೇ ಹಾಗೋ,
ಸತ್ತವನು ಎದ್ದು, ಚಾಕು ಒರೆಸಿ, ಅವಳ ಕೈಗೇ ಕೊಟ್ಟ.
ಮೂರನೇ ರೀಲಿನಲ್ಲಿ ಅವಳು ತಳ್ಳಿದ ಬಾಗಿಲ ಮೇಲೆ
ನಮ್ಮದೇ ಸುಣ್ಣದ ಅಕ್ಷರ: ಗಂಡಸರು.

ಯಾರೂ ನಗಲಿಲ್ಲ.
ಇಂಟರ್ವಲ್ಲಿಗೆ ಒಬ್ಬರೂ ಏಳಲಿಲ್ಲ.

ಟಾಕೀಸು ಈಗ ಗೊಬ್ಬರದ ಗೋಡೌನು.
ಲೆಕ್ಕ ಬರೆಯಲು ನಾನೇ ಇದ್ದೇನೆ.
ಆ ಬಾಗಿಲನ್ನು ಮಾತ್ರ ಕೆಮ್ಮಿ, ತಟ್ಟಿ, ತಳ್ಳುತ್ತೇನೆ;
ಒಳಗಿಂದ ಹಮಾಲಿಯ ಬೈಗುಳ ಬಂದರೆ ನೆಮ್ಮದಿ.