ಸೋಮವಾರದ ಎದೆ

ಹದಿನಾಲ್ಕು ಹಾಳೆ. ಮೂಲೆಗೊಂದು ಪಿನ್ನು,
ಕೋಟಿನ ಒಳಮಡಿಕೆಗೆ ಚುಚ್ಚಿಕೊಳ್ಳುವಂಥದ್ದು.
ವುಚ್ ನಗರದ ಗ್ರಂಥಾಲಯದಲ್ಲಿ
ಪುಟಕ್ಕೆ ಐವತ್ತು ಗ್ರೋಷ್ ತೆತ್ತು ಮುದ್ರಿಸಿ ತಂದಿದ್ದಾಳೆ
ಗೆನೊವೇಫಾ, ಎಪ್ಪತ್ತಾರು ವರ್ಷ, ಮೂರನೇ ಮಹಡಿ, ಲಿಫ್ಟಿಲ್ಲ.
ಮೇಜಿನ ಮೇಲಿಟ್ಟು ಅಂಗೈಯಿಂದ ಒಮ್ಮೆ ಸವರಿದಳು,
ಬಟ್ಟೆಯ ಸುಕ್ಕು ತೆಗೆಯುವವಳ ಹಾಗೆ.

ನನಗಿರುವುದು ಹನ್ನೆರಡು ನಿಮಿಷ.
ಹೊರಗೆ ಬೆಂಚಿನಲ್ಲಿ ಕೆಮ್ಮು ಕೆಮ್ಮನ್ನು ಕರೆಯುತ್ತಿದೆ.
ಬಂತಪ್ಪ ಇನ್ನೊಂದು ಕಟ್ಟು, ಅಂದುಕೊಂಡೆ.
ಈ ವಾರವೇ ಒಬ್ಬ ತನ್ನ ಕಾಯಿಲೆಗೆ ತಾನೇ ನಾಮಕರಣ ಮಾಡಿಸಿಕೊಂಡು ಬಂದಿದ್ದ,
ನನ್ನಿಂದ ಬರೀ ಸಹಿ ಬೇಕಿತ್ತು.
ಒಬ್ಬಳು ರಾತ್ರಿ ಎರಡಕ್ಕೆ ಮಗುವಿನ ಜ್ವರ ಹುಡುಕಲು ಹೊರಟು
ಬೆಳಗಾಗುವುದರೊಳಗೆ ಸ್ಮಶಾನದವರೆಗೂ ಹೋಗಿ ಬಂದಿದ್ದಳು.
ಮಗು ನನ್ನ ಸ್ಟೆತಾಸ್ಕೋಪು ಕಚ್ಚಿ ನಗುತ್ತಿತ್ತು.

ಮೊದಲ ಪುಟ: ಕ್ಯಾನ್ಸರ್. ಎರಡನೆಯದು: ಕ್ಯಾನ್ಸರ್, ದಪ್ಪಕ್ಷರದಲ್ಲಿ.
ಮೂರರಲ್ಲಿ ಸೇಬಿನ ಹುಳಿ, ಬೆಳ್ಳುಳ್ಳಿ, ಬರಿಹೊಟ್ಟೆ.
ಐದರಿಂದ ಎಂಟರವರೆಗೆ ಒಬ್ಬ ದುಂಡುಮುಖದವನು
ಉಪ್ಪಿನ ದೀಪ ಮಾರುತ್ತಾನೆ;
ಕಪ್ಪು ಬಿಳುಪಿನಲ್ಲೂ ಹೊಳೆಯುತ್ತವೆ ಅವನ ಹಲ್ಲು.
"ಇದನ್ನೆಲ್ಲ ಓದಬೇಡಿ" ಎಂದೆ, ಪರದೆಯ ಕಡೆ ತಿರುಗಿ,
ಅವಳ ಹಳೆಯ ಎಕ್ಸ್-ರೇ ಹುಡುಕುತ್ತಾ.
"ನಿಮಗಿರುವುದು ಆಸ್ತಮಾ. ಹೋದ ಸಲವೇ ಹೇಳಿದ್ದೆನಲ್ಲ."

ಮಾತಿಲ್ಲ.
ತಿರುಗಿದರೆ ಅವಳು ನೋಡುತ್ತಿದ್ದದ್ದು ನನ್ನ ತುಟಿ.

"ಮಿಲ್ಲಿನಲ್ಲಿ ಮುನ್ನೂರು ಮಗ್ಗ, ಡಾಕ್ಟ್ರೇ. ಕಿವಿ ಅಲ್ಲೇ ಬಿಟ್ಟು ಬಂದೆ.
ಇಪ್ಪತ್ತೆರಡು ವರ್ಷ ನಾವು ಹೆಂಗಸರು ತುಟಿಯಲ್ಲೇ ಮಾತಾಡಿದೆವು:
ಗಂಡ ಕುಡಿದದ್ದು, ಅಂಗಡಿಗೆ ಸಾಸೇಜು ಬಂದದ್ದು,
ಯಾರ ಹೊಟ್ಟೆಯಲ್ಲಿ ಯಾರದೆಂಬುದು, ಎಲ್ಲ.
ಹೋದ ಸಲ ನೀವು ಇಡೀ ಹೊತ್ತು ಆ ಪೆಟ್ಟಿಗೆಗೆ ಹೇಳಿದಿರಿ.
ಸರಿ, ಇವಳಿಗೂ ಅದರ ಮೇಲೆಯೇ ನಂಬಿಕೆ, ಅಂದುಕೊಂಡೆ.
ಮನೆಗೆ ಹೋಗಿ ನಾನೂ ಅದನ್ನೇ ಕೇಳಿದೆ."

ಹನ್ನೊಂದನೇ ಪುಟ. ಒಂದೇ ಪದದ ಕೆಳಗೆ ಪೆನ್ಸಿಲಿನ ಗೆರೆ,
ಕಾಗದ ಹರಿಯುವಷ್ಟು ಒತ್ತಿ:
ಸೋಮವಾರ.

ಹತ್ತಿಯ ಧೂಳು. ಭಾನುವಾರ ಬಿಡುವು;
ಸೋಮವಾರ ಪಾಳಿಗೆ ಹೊಕ್ಕ ಮೇಲೆ
ಎದೆಗೆ ಪಟ್ಟಿ ಬಿಗಿದ ಹಾಗೆ. ವಾರ ಕಳೆದಂತೆ ಸಡಿಲ.
ಪರೀಕ್ಷೆಗೆಂದು ಓದಿದ್ದೆ, ಅರ್ಧ ಪುಟ. ಅದು ಬರಲಿಲ್ಲ. ಮರೆತೆ.
ನಾನು ಹುಟ್ಟುವ ಹೊತ್ತಿಗೆ ಮಗ್ಗಗಳನ್ನು ಗುಜರಿಗೆ ತೂಗಿಯಾಗಿತ್ತು.
ಅವಳ ಮಿಲ್ಲಿನಲ್ಲಿ ನಾನು ಬೂಟು ಕೊಂಡಿದ್ದೇನೆ, ಸಿನಿಮಾ ನೋಡಿದ್ದೇನೆ,
ಕೆಂಪು ಇಟ್ಟಿಗೆಗೆ ಒರಗಿ ಒಬ್ಬನಿಗೆ ಮುತ್ತು ಕೊಟ್ಟಿದ್ದೇನೆ.
ಏನು ಕೆಲಸ ಮಾಡುತ್ತಿದ್ದಿರಿ ಎಂದು ಮಾತ್ರ ಕೇಳಿರಲಿಲ್ಲ.
ಅದಕ್ಕೆಂದೇ ಪರದೆಯಲ್ಲಿ ಒಂದು ಖಾನೆಯಿದೆ.
"ನಿವೃತ್ತ" ಎಂದು ತುಂಬಿದ್ದೆ.

ಇದು ಅದೇ ಎನ್ನಲಾರೆ. ಸಿಗರೇಟಿದೆ, ವಯಸ್ಸಿದೆ,
ದೋಣಿಯೆಂದು ಹೆಸರಿಟ್ಟುಕೊಂಡು ಹೊಳೆಗಳನ್ನು ನೆಲದಡಿ ಹೂತ
ಈ ಊರಿನ ಕಲ್ಲಿದ್ದಲ ಹೊಗೆಯಿದೆ.
ಹಾಸಿನ ಎಳೆ ಯಾವುದು, ಹೊಕ್ಕಿನದು ಯಾವುದು, ಯಾರು ಬಿಡಿಸಿಯಾರು?
ಅದನ್ನೂ ಹೇಳಿದೆ, ಕುರ್ಚಿ ತಿರುಗಿಸಿ, ಮುಖ ಕೊಟ್ಟು, ನಿಧಾನವಾಗಿ.
ವಾಸಿಯಾಗುವುದೇ ಎಂದು ಅವಳು ಕೇಳಲಿಲ್ಲ.
"ಹೆಸರಿದೆಯಲ್ಲ" ಎಂದಳು. "ಪಕ್ಕದ ಮಗ್ಗದ ಯಾದ್ವಿಗಾಳನ್ನು
ಸೋಮಾರಿ, ಸೋಮಾರಿ ಅಂತ ಮೇಸ್ತ್ರಿ ಬೈಯುತ್ತಿದ್ದ.
ಸೋಮವಾರ ಮಾತ್ರ."

ಹನ್ನೆರಡು ನಿಮಿಷ ಇಪ್ಪತ್ತಾರಾಗಿತ್ತು. ಯಾರೋ ಬಾಗಿಲು ಬಡಿದರು.
ಅವಳಿಗೆ ಕೇಳಿಸಲಿಲ್ಲ. ನಾನೂ ಹೇಳಲಿಲ್ಲ.

ರಾತ್ರಿ ಮನೆಯಲ್ಲಿ ಅದೇ ಪದ ಒತ್ತಿದೆ.
ಮೊದಲು ಬಂದವನು ಉಪ್ಪಿನ ದೀಪದವನು, ಈಗ ಬಣ್ಣದಲ್ಲಿ.
ಕೆಳಗೆ, ಇನ್ನೂ ಕೆಳಗೆ ಬೆರಳಾಡಿಸುತ್ತಾ ಹೋದೆ,
ಹನ್ನೊಂದನೇ ಪುಟದವರೆಗೂ ಅವಳು ಹೋಗಿರಬಹುದಾದ ಹಾಗೆ,
ಒಬ್ಬಳೇ, ಕನ್ನಡಕ ಮೂಗಿನ ತುದಿಗಿಳಿಸಿಕೊಂಡು,
ಸದ್ದಿನ ನಡುವೆ ಬಗ್ಗಿ
ತುಂಡಾದ ಒಂದು ಎಳೆ ಹುಡುಕುವವಳು.