ಚಮಚಗಳ ಲೆಕ್ಕ

ಎವರಿಸ್ತೊ,
ನಮ್ಮ ಶಾಲೆಯನ್ನು ಮೀನುಗಾರರ ಸಂಘ ಕೊಂಡುಕೊಂಡಿದೆ.
ನಾವು ಕೂರುತ್ತಿದ್ದ ಬೆಂಚಿನ ಜಾಗದಲ್ಲಿ
ಮಂಜುಗಡ್ಡೆಯ ಯಂತ್ರ ಗೊಣಗುತ್ತದೆ,
ಮಗ್ಗಿ ಬಾರದ ಹುಡುಗನ ಹಾಗೆ
ಒಂದನ್ನೇ ಮತ್ತೆ ಮತ್ತೆ.

ನಿನಗೆ ಮಗ್ಗಿ ಬರುತ್ತಿರಲಿಲ್ಲ.
ಆದರೆ ಕಿಟಕಿಯಾಚೆ ಮೂಗು ಚಾಚಿ
ನೀರು ಪೂರ್ತಿ ಇಳಿಯಲು ಇನ್ನೆಷ್ಟು ನಿಮಿಷ
ಅನ್ನುವುದನ್ನು ಹೇಳಿಬಿಡುತ್ತಿದ್ದೆ.
ಕಾಸಿಲ್ದಾ ಟೀಚರು ಗಡಿಯಾರ ನೋಡಿ,
ಕಡಲು ನೋಡಿ, ಏನೂ ಅನ್ನದೆ
ನಿನ್ನ ಅಂಗೈಗೆ ಎರಡು ಏಟು ಹಾಕುತ್ತಿದ್ದರು.
ಒಂದು, ಮಗ್ಗಿಗೆ.
ಇನ್ನೊಂದು, ಸ್ಪ್ಯಾನಿಷ್ ಬಿಟ್ಟು
ನಮ್ಮ ಗಲೀಸಿಯಾದ ಮನೆಮಾತಲ್ಲಿ ಬಾಯಿಬಿಟ್ಟದ್ದಕ್ಕೆ.

ಕಾಲ್ಚೀಲವಿಲ್ಲದ ಬೂಟಿನಲ್ಲಿ ನೀನು
ದಿನಾ ಒಂದಿಷ್ಟು ಅಳಿವೆಯನ್ನು ತರಗತಿಗೆ ಹೊತ್ತು ತರುತ್ತಿದ್ದೆ,
ಬಚಕ್ ಬಚಕ್.
ನನ್ನ ಪುಸ್ತಕದ ಅಂಚಿನಲ್ಲಿ ಇವತ್ತಿಗೂ ಆ ಉಪ್ಪಿನ ಕಲೆ.
ಸುಳ್ಳು.
ಪುಸ್ತಕಗಳನ್ನು ಅಮ್ಮ ಒಲೆಗೆ ಹಾಕಿ ನಲವತ್ತು ವರ್ಷವಾಯಿತು.
ನಿನ್ನ ಸುದ್ದಿ ಹೇಳುವಾಗ
ಇಂಥವನ್ನು ಸೇರಿಸಿಬಿಡುತ್ತೇನೆ.

ಹದಿನೇಳಕ್ಕೆ ನಿನಗೆ ಮೋಟಾರ್ ಬೈಕು ಬಂತು.
ಎಲ್ಲಿಂದ ಎಂದು ಯಾರೂ ಕೇಳಲಿಲ್ಲ.
ದೀಪವಿಲ್ಲದ ದೋಣಿ ದಡಕ್ಕೆ ಬಂದರೆ
ನಮ್ಮೂರಲ್ಲಿ ನಾಯಿಗಳೂ ಬೊಗಳುತ್ತಿರಲಿಲ್ಲ.
ಸಿಗರೇಟಿನ ಪೆಟ್ಟಿಗೆ ಇಳಿಸುವ ಒಂದು ರಾತ್ರಿಯ ಕೂಲಿ
ನಿನ್ನಪ್ಪ ಟೆರ್ರಾನೋವಾದ ಹಿಮಗಾಳಿಯಲ್ಲಿ
ಮೂರು ವಾರ ಬಲೆ ಎಳೆದಷ್ಟು.
ಇಗರ್ಜಿಯ ಮಾಡಿಗೆ ಹೊಸ ಹೆಂಚು ಬಂದದ್ದೂ
ಅದೇ ವರ್ಷ.

ಆಮೇಲೆ ಪೆಟ್ಟಿಗೆ ಚಿಕ್ಕದಾಯಿತು,
ಕೂಲಿ ದೊಡ್ಡದಾಯಿತು.
ಆಮೇಲೆ ಕೂಲಿಯ ಬದಲು
ಪುಡಿಯನ್ನೇ ಕೊಟ್ಟರು.

ನಿನ್ನ ಮೈಗೆ ಇಳಿತ ಬಂತು.
ಅಡಗಿದ್ದ ಬಂಡೆಗಳು ಎದ್ದು ಕಂಡವು:
ಮೊದಲು ಕೆನ್ನೆಯವು, ಆಮೇಲೆ ಕೊರಳಿನವು, ಆಮೇಲೆ ಮಣಿಕಟ್ಟು.
ನಿನ್ನಮ್ಮ ಒಬ್ದುಲಿಯಾಳ ಹೊಲಿಗೆ ಯಂತ್ರವನ್ನು
ಮೂರು ಸಲ ಮಾರಿದೆ.
ಮೂರು ಸಲವೂ ಅವಳು ದುಡ್ಡು ಕಟ್ಟಿ
ತಲೆಯ ಮೇಲೆ ಹೊತ್ತು ಏರಿ ಹತ್ತಿದಳು.
ನಾಲ್ಕನೆಯ ಸಲ, ಕೇಳಿದವರಿಗೆ,
ಕಣ್ಣು ಮಂಜು, ಈಗ ದಾರ ಪೋಣಿಸಲು ಆಗುವುದಿಲ್ಲ ಅಂದಳು.

ಒಂದು ಭಾನುವಾರ ನಮ್ಮನೆಗೆ ಬಂದೆ.
ಅಮ್ಮ ಬಿಸಿ ಸಾರು ಬಡಿಸಿದಳು, ಎಲೆಕೋಸು, ಆಲೂಗಡ್ಡೆ.
ನೀನು ಬಟ್ಟಲ ಸುತ್ತ ಕೈಯಿಟ್ಟು ಕಾಯಿಸಿಕೊಂಡೆ,
ಉಣ್ಣಲಿಲ್ಲ.
ಕಾಸಿಲ್ದಾ ಟೀಚರ ನಡಿಗೆ ಅಣಕಿಸಿದೆ.
ನಕ್ಕೆವು. ನಿಜವಾಗಿಯೂ ನಕ್ಕೆವು.
ನೀನು ಮೆಟ್ಟಿಲಿಳಿಯುವ ಸದ್ದು ಮುಗಿಯುವ ಮೊದಲೇ
ನಾನು ಎದ್ದು, ಖಾನೆ ಎಳೆದು,
ಚಮಚ ಎಣಿಸಿದೆ.

ಆಗ ಊರಲ್ಲಿ ಎಲ್ಲರೂ ಎಣಿಸುತ್ತಿದ್ದರು.
ತಳ ಕಪ್ಪಾದ ಚಮಚಗಳು
ಕಾರ್ಖಾನೆಯ ಹಿಂದಿನ ಹುಲ್ಲಿನಲ್ಲಿ ಸಿಗುತ್ತಿದ್ದವು.
ನಮ್ಮವು ಎಂಟು.
ಎಂಟೂ ಇದ್ದವು.
ಖಾನೆ ಮುಚ್ಚಿ ತಲೆಯೆತ್ತಿದರೆ
ಕೆಳಗೆ ಬೀದಿಯಲ್ಲಿ ನೀನು, ನಮ್ಮ ಕಿಟಕಿ ನೋಡುತ್ತ.
ಚಮಚಕ್ಕೆ ಚಮಚ ತಾಗಿದ ಸದ್ದು
ಬೀದಿಗೆ ಕೇಳಿಸುತ್ತದೆ.
ನಿನಗಿಂತ ಚೆನ್ನಾಗಿ ಅದನ್ನು ಬಲ್ಲವರಾರು.

ಕೈ ಬೀಸಿದೆ ನೀನು.
ಅದು ಅಕ್ಟೋಬರ್. ಮಾರ್ಚಿನಲ್ಲಿ ದೋಣಿಮನೆಯಲ್ಲಿ ಸಿಕ್ಕೆ.
ಹೃದಯ, ಎಂದು ಬರೆದರು ಇಗರ್ಜಿಯ ಬಾಗಿಲಿಗೆ ಅಂಟಿಸಿದ ಚೀಟಿಯಲ್ಲಿ.
ಇಪ್ಪತ್ತೆರಡು ವರ್ಷ.

ಒಬ್ದುಲಿಯಾ ಆ ಬೇಸಿಗೆ
ದೋಣಿಗಳ ಒಡೆಯನ ಬಂಗಲೆಗೆ ಹೋಗಿ
ಕಬ್ಬಿಣದ ಗೇಟು ಬಡಿದಳು.
ಬಡಿದದ್ದು ಚಮಚದಿಂದ ಎಂದು ಬರೆಯಲು ನನಗೆ ಆಸೆ.
ಇಲ್ಲ, ಬರಿಗೈ.
ಸದ್ದೇ ಬರಲಿಲ್ಲ.

ಪಚ್ಚಿಲೆಯನ್ನು ಡಬ್ಬಿಗೆ ತುಂಬುವುದು ಈಗ ನನ್ನ ಕೆಲಸ.
ಡಬ್ಬಿಗೆ ಹದಿನಾಲ್ಕು. ಬೆರಳೇ ಎಣಿಸಿಕೊಳ್ಳುತ್ತದೆ.
ಇವತ್ತು ಬಿಡುವಿನಲ್ಲಿ ಕಟ್ಟೆಯ ಮೇಲೆ ನಿಂತು
ನಿನ್ನ ಹಾಗೆ ಮೂಗು ಚಾಚಿ
ಇನ್ನು ನಲವತ್ತು ನಿಮಿಷ, ಅಂದೆ.

ಆಗಲೇ ನೀರು
ಏರತೊಡಗಿತ್ತು.