ಅಳಿವೆಯ ಬಾಯಲ್ಲಿ

ಸ್ವರ್ಣೆ, ಸೀತೆ ಎರಡೂ ಹೊಳೆಗಳು
ಒಂದೇ ಬಾಗಿಲಿನಿಂದ ಕಡಲಿಗೆ ಹೋಗುವ ಜಾಗ.
ಅಳಿವೆ ಅನ್ನುತ್ತೇವೆ.
ಹಲಗೆ ಬರೆದವನು ಎತ್ವ ಹಾಕುವಲ್ಲಿ ಕೊಂಬು ಹಾಕಿ
‘ಕೋಡಿ ಅಳಿವು ಗಾಳ ಪಂದ್ಯ’ ಎಂದು ಬರೆದ.
ಓದಿದವರು ಯಾರೂ ತಿದ್ದಲಿಲ್ಲ.
ನಾನೂ.

ಭಾನುವಾರ ಬೆಳಕು ಹರಿಯುವ ಮೊದಲೇ
ನಾವು ಬಲೆ ಒಣಗಿಸುವಲ್ಲಿ ಕಾರುಗಳು.
ಇಳಿದವರ ಕೈಯಲ್ಲಿ ಕಪ್ಪು ಕೋಲು, ಗಿರಗಿರ ರಾಟೆ,
ಕಣ್ಣಿಗೆ ಕಾಣದ ದಾರ.
ತಡೆಗಲ್ಲಿನ ಮೇಲೆ ನಿಂತು ಬೀಸುತ್ತಾರೆ.
ಬೀಸುವುದು ಚಂದವೇ,
ಸುಳ್ಳು ಹೇಳಬಾರದು.

ಸಿಕ್ಕಿದ ಕೆಂಬೇರಿಗೆ ಅಳತೆಪಟ್ಟಿ, ತೂಕ, ಫೋಟೊ.
ಆಮೇಲೆ ನೀರಿಗೆ ಬಿಡುತ್ತಾರೆ
ಕೂಸನ್ನು ತೊಟ್ಟಿಲಿಗೆ ಇಳಿಸಿದ ಹಾಗೆ.
‘ನಾವು ಕೊಲ್ಲುವುದಿಲ್ಲ ಅಜ್ಜ’
ಅನ್ನುತ್ತಾರೆ ಹಲ್ಲಿನ ಡಾಕ್ಟರು ನೊರೊನ್ಹಾ,
ಇಕ್ಕಳದಲ್ಲಿ ಕೊಕ್ಕೆ ಕೀಳುತ್ತ, ಒಂದು ಹನಿ ರಕ್ತ ಬಾರದಂತೆ.

ನಾನು ಕೊಲ್ಲುವವನು.
ಅಕ್ಕಿಗೆ ಕೊಂದೆ, ಮಗಳ ಬಾಣಂತನಕ್ಕೆ ಕೊಂದೆ,
ಹಂಚಿನ ಮಾಡು ಮಾಡಿದ್ದೂ ಕೊಂದೇ.
ತಿನ್ನುವುದಕ್ಕಲ್ಲದೆ
ಮೀನಿನ ಬಾಯಿಗೆ ಕೈ ಹಾಕಬೇಡ
ಎಂದಿದ್ದಳು ಅಪ್ಪೆ.

‘ಮೀನು ಕಮ್ಮಿಯಾದದ್ದು ಬಲೆಯಿಂದಲ್ಲವೇ?’
ಮರ್ಯಾದೆಯಿಂದಲೇ ಕೇಳಿದರು ಡಾಕ್ಟರು.
ಯಾವ ಬಲೆ?
ನನ್ನದು ತೋಳು ಬೀಸಿದಷ್ಟು ದೂರದ್ದು.
ರಾತ್ರಿ ಪಡುವಣದಲ್ಲಿ ಹೊಸ ಪೇಟೆ ಎದ್ದ ಹಾಗೆ
ದೀಪ ಉರಿಸಿ ಮರಿಗಳನ್ನೂ ಬಾಚುವ ಬೋಟುಗಳಿವೆ, ನೋಡಿ
ಎನ್ನಬೇಕೆಂದಿದ್ದೆ.
ಅದರಲ್ಲೊಂದಕ್ಕೆ ತಂಡೇಲ
ನನ್ನ ತಂಗಿಯ ಅಳಿಯ.
ಅನ್ನಲಿಲ್ಲ.

ರಂಪಣಿ ಎಳೆಯುವ ಕಾಲದಲ್ಲಿ
ಹಗ್ಗಕ್ಕೆ ಕೈ ಹಚ್ಚಿದವನಿಗೆ ಪಾಲು.
ದೋಣಿಗೊಂದು, ಬಲೆಗೊಂದು,
ಗಂಡನನ್ನು ಕಡಲು ತಿಂದವಳಿಗೊಂದು,
ದಡದಲ್ಲಿ ಸುಮ್ಮನೆ ಬೊಬ್ಬೆ ಹಾಕಿದ ನನಗೂ
ಬೊಗಸೆ ತುಂಬ ಬೂತಾಯಿ.
ಆಗ ಹಕ್ಕು ಅನ್ನುವ ಮಾತು ಬೇಕಿರಲಿಲ್ಲ.
ಈಗ ಪಂಚಾಯತಿನ ಸಭೆಯಲ್ಲಿ ಎದ್ದು ಹಕ್ಕು ಅನ್ನುತ್ತೇನೆ,
ಗಂಜಿಯಲ್ಲಿ ಹೊಯ್ಗೆ ಸಿಕ್ಕಿದ ಹಾಗಾಗುತ್ತದೆ ಹಲ್ಲಿಗೆ.

ಪಂದ್ಯದ ದಿನ ಹನ್ನೆರಡರವರೆಗೆ
ಅಳಿವೆಯಲ್ಲಿ ಬಲೆ ಹಾಕಬಾರದಂತೆ.
ಹೇಳಲು ಬಂದವನು ಅಕ್ಕನ ಮೊಮ್ಮಗ ಸುಕೇಶ,
ಕೊರಳಲ್ಲಿ ನೀಲಿ ಪಟ್ಟಿ, ಗುರುತಿನ ಚೀಟಿ.
ಅವನ ದೋಣಿಗೆ ದಿನಕ್ಕೆ ಮೂರು ಸಾವಿರ ಬಾಡಿಗೆ.
‘ಒಂದೇ ದಿನ ಮಾಮ.’
ನೀರಿಗೆ ಈ ಲೆಕ್ಕ ಗೊತ್ತಿದೆಯೇ?
ಇಳಿತ ನಿಂತು ಭರತಕ್ಕೆ ತಿರುಗುವುದು ಒಂಬತ್ತೂವರೆಗೆ,
ಕಾಣೆ ಒಳಗೆ ಬರುವುದು ಆಗ.
ಬಂತು. ನೀರಿನ ಬೆನ್ನು ನಡುಗಿದ್ದು ನೋಡಿದೆ.
ಮಡಿಲಲ್ಲಿ ಬಲೆ ಇಟ್ಟುಕೊಂಡು
ಕಲ್ಲಿನ ಮೇಲೆ ಕೂತಿದ್ದೆ,
ಊಟಕ್ಕೆ ಕರೆಯದ ಮನೆಯ ಜಗಲಿಯಲ್ಲಿ ಕೂತ ಹಾಗೆ.

ಹನ್ನೆರಡಕ್ಕೆ ಸೀಟಿ.
ಮೊದಲ ಬೀಸು, ಕಸ.
ಎರಡನೆಯದು, ಮುಷ್ಟಿಗಿಂತ ಸಣ್ಣ ಏಡಿ. ಬಿಟ್ಟೆ.
(ನಾವೂ ಬಿಡುತ್ತೇವೆ. ಫೋಟೊ ಇಲ್ಲ.)
ಮೂರನೆಯದರಲ್ಲಿ ಬೆಳ್ಳಗೆ ಹೊಳೆಯಿತು.
ಎಳೆದೆ. ಪ್ಲಾಸ್ಟಿಕ್ ಮೀನು.
ಮುಚ್ಚದ ಕೆಂಪು ಕಣ್ಣು,
ಹೊಟ್ಟೆಯಡಿ ಮುಮ್ಮೊನೆ ಕೊಕ್ಕೆ ಎರಡು.
ಬಲೆಯ ಹನ್ನೊಂದು ಕಣ್ಣು ಹರಿದಿತ್ತು.

‘ಅದು ನನ್ನದು ಅಜ್ಜ, ಜಪಾನಿನದ್ದು’
ಓಡಿ ಬಂದರು ಡಾಕ್ಟರು.
‘ಹಿಡಿದದ್ದನ್ನು ಬಿಡುವುದು ನಿಮ್ಮ ಕ್ರಮವಲ್ಲವೇ,
ಇದನ್ನೂ ಬಿಡಲೇ?’
ನಕ್ಕರು. ಆಮೇಲೆ ನಗಲಿಲ್ಲ.
ಪಕ್ಕದಲ್ಲಿ ಕೂತು ಕೊಕ್ಕೆ ಬಿಡಿಸತೊಡಗಿದರು.
ಒಳ್ಳೆಯ ಬೆರಳು. ಆದರೂ ಚುಚ್ಚಿಕೊಂಡರು.
ಒಂದು ಹನಿ
ನನ್ನ ಬಲೆಯ ಮೇಲೆ ಬಿತ್ತು, ಉಪ್ಪುನೀರಲ್ಲಿ ಕದಡಿತು.

ಮುಂದಿನ ಭಾನುವಾರದ ಮಾತು
ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ.
ಎದ್ದು ಹೋಗುವಾಗ ಐನೂರರ ನೋಟು ಚಾಚಿದರು.
ತೆಗೆದುಕೊಂಡೆ.
ಅಂದು ನನಗೆ ಸಿಕ್ಕಿದ ಮೀನು
ಅದೊಂದೇ.